ನಾಲ್ಕನೆಯ ತಂತಿ

ಬಾಗಿಲು ಬಡಿದದ್ದು ಅವನಿಗೆ ಕೇಳಿಸಲಿಲ್ಲ, ಕಂಡಿತು. ಚಿಕ್ಕ ಕೋಣೆಯ ಸ್ಟೂಲಿನ ಮೇಲೆ ಕೂತು, ಎರಡೂ ಕಿವಿಗಳ ಮೇಲೆ ಹೆಡ್‌ಫೋನಿನ ದಪ್ಪ ಮೆತ್ತೆಗಳನ್ನು ಕವುಚಿಕೊಂಡು, ತೊಡೆಯ ಮೇಲಿನ ಬಾಸ್ ಗಿಟಾರಿನ ನಾಲ್ಕನೆಯ ತಂತಿಯನ್ನು, ಎಲ್ಲಕ್ಕಿಂತ ದಪ್ಪನೆಯ ತಂತಿಯನ್ನು, ಒಂದೇ ಲಯದಲ್ಲಿ ಮೀಟುತ್ತಿದ್ದವನು ಏತಕ್ಕೋ ಕತ್ತೆತ್ತಿದಾಗ ಹಜಾರದಾಚೆಯ ಮುಂಬಾಗಿಲಿನ ಚಿಲಕ ನಡುಗುತ್ತಿತ್ತು. ಎಷ್ಟು ಹೊತ್ತಿನಿಂದ ನಡುಗುತ್ತಿತ್ತೋ. ಗಡಿಯಾರದಲ್ಲಿ ಹನ್ನೊಂದಕ್ಕೆ ಹತ್ತು ನಿಮಿಷ. ಅಂಥ ಹೊತ್ತಿನಲ್ಲೂ ಅವನು ಅಭ್ಯಾಸ ತಪ್ಪಲಿಲ್ಲ. ಮೊದಲು ಆಂಪ್ಲಿಫೈಯರಿನ ಸದ್ದಿನ ಗುಂಡಿಯನ್ನು ಸೊನ್ನೆಗೆ ತಿರುಗಿಸಿದ, ಆಮೇಲೆ ಹೆಡ್‌ಫೋನ್ ತೆಗೆದು ಮೊಳೆಗೆ ನೇತುಹಾಕಿದ, ಆಮೇಲೆ ಗಿಟಾರನ್ನು ಅದರ ಸ್ಟ್ಯಾಂಡಿನಲ್ಲಿ ಕೂರಿಸಿದ, ಆಮೇಲಷ್ಟೇ ಎದ್ದು ಹೋಗಿ ಬಾಗಿಲು ತೆಗೆದ. ಕೆಳಮನೆಯ ಡ್ರೈವರಣ್ಣನ ಹೆಂಡತಿ ನಿಂತಿದ್ದಳು. ಕೈಯಲ್ಲಿ ಸರಿಯಾಗಿ ಹಿಂಡದ ಒದ್ದೆ ಬಟ್ಟೆಯಿತ್ತು, ಅದರಿಂದ ಹೊಸ್ತಿಲ ಮೇಲೆ ಹನಿ ಬೀಳುತ್ತಿತ್ತು. ಅವಳು ಅವನ ಮುಖ ನೋಡಲಿಲ್ಲ. ಅವನ ಭುಜದ ಮೇಲಿಂದ ಚಿಕ್ಕ ಕೋಣೆಯೊಳಗೆ, ಆಂಪ್ಲಿಫೈಯರಿನ ಕೆಂಪು ದೀಪದ ಕಡೆಗೆ ನೋಡಿ, “ಇವತ್ತೊಂದು ರಾತ್ರಿ ಬಿಟ್ಟುಬಿಡಿ” ಎಂದಳು. ಏನನ್ನು ಅಕ್ಕ ಎಂದು ಅವನು ಕೇಳುವಷ್ಟರಲ್ಲಿ ಅವಳ ಬರಿಗಾಲ ಹೆಜ್ಜೆಗಳು ಮೆಟ್ಟಿಲಿಳಿದಾಗಿತ್ತು. ತಿರುಗಿದರೆ ಮಲಗುವ ಕೋಣೆಯ ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. ಬಂದವರು ಯಾರೆಂದು ಅವಳು ಕೇಳಲಿಲ್ಲ, ಒಳಗೆ ಸರಿದು ಬಾಗಿಲೆಳೆದುಕೊಂಡಳು. ಕಾಯಿಲೆಯ ಮನೆ, ತಿಂಗಳುಗಟ್ಟಲೆ ನಿದ್ದೆಗೆಟ್ಟ ಹೆಂಗಸು, ಏನೋ ಕನವರಿಕೆ ಇರಬೇಕು ಎಂದುಕೊಂಡ. ಏನನ್ನು ಬಿಡಬೇಕೆಂದು ತಿಳಿಯದ್ದರಿಂದ ಏನನ್ನೂ ಬಿಡಲಿಲ್ಲ. ಮತ್ತೆ ಸ್ಟೂಲಿನ ಮೇಲೆ ಕೂತು, ಹೆಡ್‌ಫೋನ್ ಹಾಕಿಕೊಂಡು, ಇನ್ನೂ ಅರ್ಧ ಗಂಟೆ ಬಾರಿಸಿದ. ಬೆಳಗಾಗುವುದರೊಳಗೆ ಡ್ರೈವರಣ್ಣ ಸತ್ತಿದ್ದ.

ಅದು ಗುರುವಾರದ ರಾತ್ರಿ. ಭಾನುವಾರ ಬೆಳಗ್ಗೆ ಕನ್ನಡಿಯ ಮುಂದೆ ಗಡ್ಡ ಹೆರೆದುಕೊಳ್ಳುತ್ತಿರುವಾಗಲೂ ಆ ಮಾತು ಬ್ಲೇಡಿನ ಜೊತೆಯಲ್ಲೇ ಅವನ ಗಂಟಲ ಸುತ್ತ ಓಡಾಡುತ್ತಿತ್ತು. ಬಿಟ್ಟುಬಿಡಿ. ಶುಕ್ರವಾರ, ಬಿಳಿ ಬಟ್ಟೆ ಹೊದಿಸಿದ ದೇಹವನ್ನು ಮೆಟ್ಟಿಲ ತಿರುವಿನಲ್ಲಿ ಓರೆ ಮಾಡಿ ಇಳಿಸುವಾಗ ಕಾಲಿನ ಕಡೆ ಹಿಡಿದವನು ಅವನೇ. ಆಗ ಸತ್ತವನ ಹೆಂಡತಿ ಅವನನ್ನು ಒಂದು ಗಳಿಗೆ ನೋಡಿ ಮುಖ ತಿರುಗಿಸಿದ್ದಳು. ಹಾಗೆ ತಿರುಗಿದ ಮುಖವನ್ನು ಅವನು ಶನಿವಾರವಿಡೀ ಅಂಗಡಿಯ ಹಿಂಭಾಗದಲ್ಲಿ ಎದುರಿಗಿಟ್ಟುಕೊಂಡು ಕೂತಿದ್ದ. ಕನ್ನಡಕದ ಗಾಜುಗಳನ್ನು ಚೌಕಟ್ಟಿಗೆ ಹೊಂದುವಂತೆ ಅಂಚು ಉಜ್ಜುವುದು ಅವನ ಕೆಲಸ. ಕೂದಲೆಳೆಯಷ್ಟು ಹೆಚ್ಚು ಉಜ್ಜಿದರೆ ಗಾಜು ಲೊಡಲೊಡ ಅಲುಗಾಡುತ್ತದೆ, ಅಷ್ಟೇ ಕಡಿಮೆ ಉಜ್ಜಿದರೆ ಸ್ಕ್ರೂ ಬಿಗಿಯುವಾಗ ಬಿರಿಯುತ್ತದೆ. ಇಪ್ಪತ್ತೆರಡು ವರ್ಷದಲ್ಲಿ ಅವನ ಕೈಯಲ್ಲಿ ಹಾಳಾದ ಗಾಜುಗಳು ಬೆರಳೆಣಿಕೆಯಷ್ಟೇ ಇದ್ದವು. ಶನಿವಾರ ಒಂದೇ ದಿನ ಎರಡು ಬಿರಿದವು. ಎರಡನೆಯದಕ್ಕೆ ಕೌಂಟರಿನವನು ಪರದೆ ಸರಿಸಿ ಇಣುಕಿ, ಏನು ಗುರುಗಳೇ, ರಾತ್ರಿ ನಿಮ್ಮ ಗುಂಯ್‌ಗುಡುವ ಕಂಬದ ಜೊತೆ ಜಗಳವೇ ಎಂದು ಕೇಳಿ, ಗಿರಾಕಿಯ ಮುಂದೆಯೇ ನಕ್ಕಿದ್ದ. ಕೌಂಟರಿನವನಿಗೆ ಬಾಸ್ ಗಿಟಾರೆಂದರೆ ಹಾಡು ಬಾರದ ಗಿಟಾರು. ಮಿಕ್ಕವರು ಹಾಡುವಾಗ ಕೆಳಗೆ ನಿಂತು ಏಣಿ ಹಿಡಿಯುವವನ ಕೆಲಸ ಅದರದು ಎಂದು ಒಮ್ಮೆ ತಾನೇ ವಿವರಿಸಿ ಹೇಳಿದ್ದು ಇವನ ತಪ್ಪು. ಏಣಿ ಯಾರಿಗೆ ಗುರುಗಳೇ, ಮೇಲೆ ಯಾರೂ ಇಲ್ಲವಲ್ಲ ಎಂಬ ಮಾತು ಅಂಗಡಿಯಲ್ಲಿ ಆಗಿನಿಂದ ಸವೆಯದೆ ಓಡಾಡುತ್ತಿತ್ತು.

ಮೇಲೆ ಯಾರೂ ಇರಲಿಲ್ಲ, ನಿಜ. ನಾಲ್ಕು ವರ್ಷದ ಹಿಂದೆ ಮುಚ್ಚಿಹೋದ ಒಂದು ವಾದ್ಯಗೋಷ್ಠಿಯವರಿಂದ ಆ ಗಿಟಾರನ್ನೂ ಮೊಣಕಾಲೆತ್ತರದ ಆಂಪನ್ನೂ ತಂದಂದಿನಿಂದ ಅವನು ಒಬ್ಬರ ಮುಂದೆಯೂ ಬಾರಿಸಿದವನಲ್ಲ. ಬಾರಿಸುವುದಕ್ಕಿಂತ ಅವುಗಳನ್ನು ಇಟ್ಟುಕೊಳ್ಳುವುದರಲ್ಲೇ ಅವನ ಸುಖ ಹೆಚ್ಚಾಗಿತ್ತೆಂದರೂ ಸುಳ್ಳಲ್ಲ. ಪ್ರತಿರಾತ್ರಿ ಬಾರಿಸಿ ಮುಗಿದ ಮೇಲೆ ಕನ್ನಡಕ ಒರೆಸುವ ಮೆದು ಬಟ್ಟೆಯಲ್ಲಿ ಒಂದೊಂದೇ ತಂತಿಯನ್ನು ಬುಡದಿಂದ ತುದಿಯವರೆಗೆ ಬೆರಳ ಬೆವರು ಉಳಿಯದಂತೆ ಒರೆಸುತ್ತಿದ್ದ. ಹವೆ ಬದಲಾದಾಗ ಗಿಟಾರಿನ ಕತ್ತಿನೊಳಗಿನ ಉಕ್ಕಿನ ಸರಳನ್ನು ಚಾವಿಯಿಂದ ಕಾಲು ಸುತ್ತು ತಿರುಗಿಸಿ, ಒಂದು ದಿನ ಬಿಟ್ಟು, ಕತ್ತಿನ ಬಾಗನ್ನು ಒಂದು ಕಣ್ಣು ಮುಚ್ಚಿ ಅಳೆಯುತ್ತಿದ್ದ. ಅರ್ಧ ಸುತ್ತು ತಿರುಗಿಸಿದ ಅವಸರಗಾರರ ಗಿಟಾರುಗಳು ಏನಾದವೆಂಬುದು ಅವನಿಗೆ ಗೊತ್ತಿತ್ತು. ತಂತಿಗಳ ದನಿ ಮಂಕಾದಾಗ ಅವನ್ನು ಬಿಚ್ಚಿ ಸುರುಳಿ ಸುತ್ತಿ ನೀರಿನಲ್ಲಿ ಹತ್ತು ನಿಮಿಷ ಕುದಿಸುತ್ತಿದ್ದ. ಕುದಿದ ನೀರು ಕಪ್ಪಗಾಗುತ್ತಿತ್ತು, ತಂತಿಗಳನ್ನು ಒರೆಸಿ ಒಣಗಿಸಿ ಮತ್ತೆ ಕಟ್ಟಿದರೆ ಮೊದಲ ದಿನದ ಹೊಳಪು ದನಿಗೆ ಮರಳುತ್ತಿತ್ತು. ಅದಕ್ಕೆಂದೇ ಹೆಂಡತಿ ಒಂದು ಹಳೆಯ ಪಾತ್ರೆ ಬೇರೆ ತೆಗೆದಿಟ್ಟಿದ್ದಳು. ಅವನ ಈ ಹುಚ್ಚಿಗೆ ಅವಳು ಒಂದು ದಿನವೂ ಅಡ್ಡ ಮಾತಾಡಿದವಳಲ್ಲ. ಮೈಗೆ ಹುಷಾರಿಲ್ಲವೆಂದು ಅವನು ಹಜಾರದಲ್ಲೇ ಕೂತ ಒಂದು ರಾತ್ರಿ, ಒಂಬತ್ತಾಗುತ್ತಿದ್ದಂತೆ, ತಾನೇ ಹೋಗಿ ಗಿಟಾರಿನ ಹೊದಿಕೆ ತೆಗೆದು, ಆಂಪಿನ ಸ್ವಿಚ್ ಹಾಕಿ, ಸ್ವಲ್ಪ ಬಾರಿಸಿದರೆ ಸರಿಹೋಗುತ್ತೆ ಹೋಗಿ ಎಂದಿದ್ದಳು. ಇಂಥ ಹೆಂಡತಿ ಎಷ್ಟು ಜನಕ್ಕೆ ಸಿಕ್ಕಾಳು ಎಂದುಕೊಂಡಿದ್ದ.

ಗಿಟಾರು ಬರುವುದಕ್ಕೆ ಮುಂಚಿನ ರಾತ್ರಿಗಳನ್ನು ಅವನು ನೆನೆಯುತ್ತಿರಲಿಲ್ಲ. ನೆನೆದರೂ ಅವುಗಳಲ್ಲಿ ಅಂಥದ್ದೇನೂ ಅವನಿಗೆ ಕಾಣುತ್ತಿರಲಿಲ್ಲ. ಅವನು ಕೂಗಾಡುವವನಲ್ಲ, ಕೈಮಾಡುವವನಂತೂ ಅಲ್ಲ. ಅವನು ತಿದ್ದುವವನು. ಸೌತೆಕಾಯಿಯ ಹೋಳುಗಳು ಒಂದೇ ದಪ್ಪಕ್ಕೆ ಇಲ್ಲವೆಂದು ಶಾಂತವಾಗಿಯೇ ತೋರಿಸುತ್ತಿದ್ದ. ಅವಳು ತಂಗಿಯ ಜೊತೆ ಫೋನಿನಲ್ಲಿ ಮಾತಾಡಿ ಮುಗಿಸಿದರೆ, ಮೊದಲು ಅವಳು ಏನೆಂದಳು, ಅದಕ್ಕೆ ನೀನೇನೆಂದೆ, ಹಾಗೆ ಯಾಕೆಂದೆ, ಹೀಗೆ ಅನ್ನಬಹುದಿತ್ತಲ್ಲ ಎಂದು ಎಳೆ ಎಳೆಯಾಗಿ ಬಿಡಿಸಿ ಕೇಳುತ್ತಿದ್ದ. ಮಗಳ ಮನೆಪಾಠದಲ್ಲಿ ಸಾಲಿನಿಂದ ಹೊರಗೆ ಚಾಚಿದ ಅಕ್ಷರವನ್ನು ಅಳಿಸಿ ಮತ್ತೆ ಬರೆಸುತ್ತಿದ್ದ, ಮತ್ತೆ ಅಳಿಸುತ್ತಿದ್ದ, ಹಾಳೆ ಹರಿದಾಗ ಹೊಸ ಹಾಳೆ ಕೊಡುತ್ತಿದ್ದ. ಒಂಬತ್ತರಿಂದ ಹನ್ನೊಂದರ ತನಕ ಮೂವರೂ ಹಜಾರದ ದೀಪದ ಕೆಳಗೆ ಕೂತಿರುತ್ತಿದ್ದರು. ಆಗ ಹೆಂಡತಿಯ ಕೈಯಲ್ಲಿ ಏನಾದರೊಂದು ಕೆಳಗೆ ಬೀಳುತ್ತಲೇ ಇರುತ್ತಿತ್ತು. ಈಗ ಆ ಮನೆ ಎಷ್ಟು ತಣ್ಣಗಿದೆ, ಸಂಗೀತ ತನ್ನನ್ನು ಎಷ್ಟು ಮೆತ್ತಗೆ ಮಾಡಿದೆ ಎಂದು ಅವನು ಯಾರೂ ಕೇಳದಿದ್ದರೂ ಹೇಳಿಕೊಳ್ಳುತ್ತಿದ್ದ.

ಹತ್ತು ಗಂಟೆಗೆ ಕೆಳಗೆ ವಾಹನ ನಿಲ್ಲಿಸುವ ಜಾಗದಲ್ಲಿ ಪ್ಲಾಸ್ಟಿಕ್ ಕುರ್ಚಿಗಳನ್ನು ಹಾಕಿ ಸಭೆ ಸೇರಿದ್ದರು. ಕಟ್ಟಡದ ಉಸ್ತುವಾರಿ ನೋಡುವ ನಿವೃತ್ತ ಪೋಸ್ಟ್‌ಮಾಸ್ಟರರು ಮಧ್ಯದಲ್ಲಿದ್ದರು. ತಾರಸಿ, ಪಂಪು, ಮೀಟರು ಎಲ್ಲದರ ಬೀಗದ ಕೈಗಳನ್ನೂ ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುವುದರಿಂದ ಮಕ್ಕಳು ಅವರನ್ನು ಗೊಂಚಲು ತಾತ ಎನ್ನುತ್ತಿದ್ದರು. ಈಗ ದೊಡ್ಡವರೂ ಹಾಗೆಯೇ ಕರೆಯುತ್ತಿದ್ದರು, ಅವರೆದುರಿಗೆ ಅಲ್ಲ. ವಿಷಯ ಏನೆಂಬುದು ಎಲ್ಲರಿಗೂ ಆಗಲೇ ಗೊತ್ತಿತ್ತು. ಸತ್ತವನ ಹೆಂಡತಿಯ ತಮ್ಮ ಶುಕ್ರವಾರ ಊರಿಗೆ ಹೊರಡುವ ಮುಂಚೆ ಗೊಂಚಲು ತಾತನನ್ನು ಪಕ್ಕಕ್ಕೆ ಕರೆದು, ಕೊನೆಯ ಮೂರು ತಿಂಗಳು ತನ್ನ ಭಾವನಿಗೆ ರಾತ್ರಿ ಕಣ್ಣು ಮುಚ್ಚಲು ಬಿಡದ ಒಂದು ಸದ್ದಿತ್ತೆಂದೂ, ಅದು ಯಾರದೆಂದು ಅಕ್ಕ ಬಾಯಿ ಬಿಡುತ್ತಿಲ್ಲವೆಂದೂ, ನಿಮ್ಮ ಕಟ್ಟಡದಲ್ಲಿ ಮನುಷ್ಯರಿದ್ದಾರೋ ಇನ್ನೇನೋ ಎಂದೂ ಹೇಳಿ ಹೋಗಿದ್ದ. ಗೊಂಚಲು ತಾತ ಇದನ್ನು ತಮ್ಮ ಮೇಲೆ ಹೊರಿಸಿದ ಕಳಂಕದಂತೆ ತೆಗೆದುಕೊಂಡಿದ್ದರು. ಎಂಥ ಸದ್ದು ಎಂದು ಯಾರೋ ಕೇಳಿದಾಗ, ಕೇಳಿಸುವುದಕ್ಕಿಂತ ಎದೆಗೆ ತಾಗುವಂಥ ಸದ್ದಂತೆ, ದಪ್ಪ ಸದ್ದು, ಗೋಡೆಯೊಳಗಿಂದ ಬಂದಂಥದು ಎಂದು ವಿವರಿಸಿದರು. ಆಮೇಲೆ ದನಿ ಇಳಿಸಿ ಹೇಳಿದರು: “ಬಸ್ ಓಡಿಸಿದ ಮನುಷ್ಯ ನೋಡಿ. ಯಾರೋ ಗಾಡಿ ನಿಲ್ಲಿಸಿ ಇಂಜಿನ್ ಆಫ್ ಮಾಡದೆ ಹೋಗಿದ್ದಾರೆ, ಯಾರಾದ್ರೂ ಹೋಗಿ ಆಫ್ ಮಾಡ್ರಪ್ಪ ಅಂತ ಕೈಮುಗೀತಿದ್ರಂತೆ.”

ಅವನ ಬೆನ್ನಿನಲ್ಲಿ ಸಣ್ಣಗೆ ಏನೋ ಹರಿಯಿತು. ಅದು ಏನೆಂದು ನೋಡುವ ಮೊದಲೇ ಹಿಂದಿನ ಸಾಲಿನಲ್ಲಿ ಒಬ್ಬರು, ಎರಡನೇ ಮಹಡಿಯಲ್ಲಿ ಒಂದು ವಾದ್ಯವೂ ಇದೆಯಲ್ಲ ಎಂದರು. ಕುರ್ಚಿಗಳು ಕಿರುಗುಟ್ಟಿ ಅವನ ಕಡೆ ತಿರುಗಿದವು. ಅವನು ಎದ್ದು ನಿಂತ. ನಡುಗದೆ ಮಾತಾಡಿದ. ತಾನು ಹೆಡ್‌ಫೋನ್ ಇಲ್ಲದೆ ಒಂದು ದಿನವೂ ಬಾರಿಸಿಲ್ಲ. ಹೆಡ್‌ಫೋನ್ ಸಿಕ್ಕಿಸಿದ ಕೂಡಲೇ ಆಂಪಿನೊಳಗಿನ ಸ್ಪೀಕರ್ ತಾನಾಗಿ ಮೂಕವಾಗುತ್ತದೆ, ಆ ಸದ್ದು ತನ್ನ ಕಿವಿ ಬಿಟ್ಟು ಬೇರೆಲ್ಲಿಗೂ ಹೋಗುವುದಿಲ್ಲ. ಅಷ್ಟಕ್ಕೂ ಗೋಡೆಯ ಆಚೆಗೇ ತನ್ನ ಹೆಂಡತಿ ಮಗಳು ಮಲಗುತ್ತಾರೆ, ಸದ್ದಾದರೆ ಮೊದಲು ಜಗಳಕ್ಕೆ ಬರುವವರು ಅವರಲ್ಲವೇ. ಈ ಕೊನೆಯ ಮಾತಿಗೆ ಎಲ್ಲರೂ ನಕ್ಕರು, ಕುರ್ಚಿಗಳು ಮತ್ತೆ ಮುಂದಕ್ಕೆ ತಿರುಗಿದವು. ಆಗ ಗೊಂಚಲು ತಾತ ಅವನಿಗೆ ಕೂರಲು ಬಿಡದೆ, ಹಾಗಾದರೆ ಸದ್ದಿನ ಮರ್ಮ ತಿಳಿದವರು ನೀವೇ, ಇದು ಏನಿರಬಹುದು ನೀವೇ ಹೇಳಿ ಎಂದರು. ಇಷ್ಟು ವರ್ಷದಲ್ಲಿ ಯಾರೂ ಅವನನ್ನು ಸದ್ದಿನ ವಿಚಾರವಾಗಿ ಒಂದು ಪ್ರಶ್ನೆ ಕೇಳಿದ್ದಿಲ್ಲ. ಕೌಂಟರಿನವನು ಇಲ್ಲಿರಬೇಕಿತ್ತು ಎಂದು ಅವನಿಗೆ ಅನ್ನಿಸಿತು. ದಪ್ಪ ಸದ್ದು ಗಾಳಿಯಲ್ಲಿ ಬರುವುದಕ್ಕಿಂತ ನೆಲದಲ್ಲಿ ಇಳಿಯುವುದೇ ಹೆಚ್ಚು. ನೆಲಕ್ಕೆ ಊರಿದ ಯಾವುದೋ ಮೋಟಾರು, ಉದಾಹರಣೆಗೆ ಕಬ್ಬಿಣದ ಕಾಲಿನ ಮೇಜಿಗೆ ಬಿಗಿದ ಮೋಟಾರು, ಗಂಟೆಗಟ್ಟಲೆ ತಿರುಗಿದರೆ ಕೆಳಗಿನ ಸೂರೇ ತಮಟೆಯಾಗುತ್ತದೆ ಎಂದು ಅವನು ಬೆರಳು ಮಡಿಸಿ ಮಡಿಸಿ ಹೇಳಿದ. ಹೇಳಿ ಮುಗಿಯುವ ಹೊತ್ತಿಗೆ, ಅವನು ಯಾರ ಹೆಸರನ್ನೂ ಎತ್ತದೆಯೇ, ಎಲ್ಲರ ಕಣ್ಣು ಅವನ ಎದುರುಮನೆಯ ಟೈಲರಮ್ಮನ ಮೇಲಿತ್ತು.

ಗಂಡ ಬಿಟ್ಟುಹೋದ ಮೇಲೆ ಮೋಟಾರು ಹಾಕಿದ ಹೊಲಿಗೆ ಯಂತ್ರವೊಂದರಿಂದಲೇ ಆ ಬಾಡಿಗೆ ಮನೆಯನ್ನು ಹಿಡಿದುಕೊಂಡಿದ್ದ ಹೆಂಗಸು ಅವಳು. ತನ್ನ ಯಂತ್ರ ರಾತ್ರಿ ಒಂಬತ್ತಕ್ಕೆ ನಿಲ್ಲುತ್ತದೆ ಎಂದಳು. ಆ ಸದ್ದನ್ನು ತಾನೂ ಕೇಳಿದ್ದೇನೆ, ಡ್ರೈವರಣ್ಣನಿಗೆ ಉಸಿರು ಕೊಡುವ ಯಂತ್ರ ಇಟ್ಟಿದ್ದಾರೆ, ಅದರದ್ದು ಎಂದುಕೊಂಡಿದ್ದೆ ಎಂದಳು. ಅಂಥ ಯಂತ್ರ ಆ ಮನೆಯಲ್ಲಿ ಇರಲೇ ಇಲ್ಲವಲ್ಲಮ್ಮ ಎಂದು ಗೊಂಚಲು ತಾತ ಹೇಳಿದಾಗ, ಸುಳ್ಳು ಸಿಕ್ಕಿಬಿದ್ದಿತೆಂಬಂತೆ ಎರಡು ಮೂರು ಕಡೆಯಿಂದ ಗುಸುಗುಸು ಎದ್ದಿತು. ಅವಳು ಅವನ ಕಡೆ ತಿರುಗಿದಳು. “ಅಣ್ಣಾ, ನನ್ನ ಬಾಗಿಲಿಗೆ ನಿಮ್ಮ ಬಾಗಿಲೇ ಎದುರು. ಒಂಬತ್ತಾದ್ಮೇಲೆ ಒಂದು ದಿನ ನನ್ನ ಮಿಷನ್ ಸದ್ದು ಕೇಳಿದ್ದೀರಾ? ನಿಮ್ಮ ವಾದ್ಯಕ್ಕೆ ಮೆತ್ತೆ ಇಟ್ಟು ಅಂಗಿ ಹೊಲಿದವಳು ನಾನು. ಅಷ್ಟು ಅಳತೆ ಕೊಟ್ಟಿದ್ದಿರಿ, ಮದುವೆ ಗಂಡು ಕೂಡ ಅಷ್ಟು ಕೊಡಲ್ಲ. ನಿಜ ಹೇಳಿ.” ಅವನು ನಿಜವನ್ನೇ ಹೇಳಿದ. “ಒಂಬತ್ತರ ಮೇಲೆ ನನ್ನ ಕಿವಿ ಮುಚ್ಚಿರುತ್ತಮ್ಮ. ನಂಗೇನೂ ಕೇಳಿಸಲ್ಲ.” ತಿಂಗಳ ಕೊನೆಗೆ ಮನೆ ಖಾಲಿ ಮಾಡುವುದು, ಅಲ್ಲಿಯವರೆಗೆ ಮೋಟಾರು ಮುಟ್ಟದಿರುವುದು ಎಂದು ತೀರ್ಮಾನವಾಯಿತು. ಮನೆಯ ಮಾಲೀಕರಿಗೆ ತಾವೇ ಹೇಳುವುದಾಗಿ ಗೊಂಚಲು ತಾತ ಜವಾಬ್ದಾರಿ ಹೊತ್ತರು. ಟೈಲರಮ್ಮ ಎದ್ದು, ತಾನು ಕೂತಿದ್ದ ಕುರ್ಚಿಯನ್ನು ಎತ್ತಿ ಇನ್ನೊಂದರೊಳಗೆ ಸೇರಿಸಿಟ್ಟು ಹೋದಳು.

ಮಧ್ಯಾಹ್ನ ಊಟದಲ್ಲಿ ಹೆಂಡತಿ ಸಭೆಯಲ್ಲಿ ಏನಾಯಿತೆಂದು ಕೇಳಿದಳು. ಅವನು ಹೇಳಿದ, ತಾನು ಮಾತಾಡಿದ್ದನ್ನು ಸ್ವಲ್ಪ ಹಿಗ್ಗಿಸಿಯೇ ಹೇಳಿದ. ಅವಳ ಕೈಯಿಂದ ನೀರಿನ ಲೋಟ ಉರುಳಿತು. ಬಹಳ ದಿನದ ಮೇಲೆ ಹಾಗಾಗಿತ್ತು. ಮಗಳು ಗಬಕ್ಕನೆ ಎದ್ದು ಒರೆಸುವ ಬಟ್ಟೆ ತಂದಳು, ತಂದವಳು ಅಪ್ಪನ ಮುಖ ನೋಡಿದಳು. ಅವನು ಏನೂ ಅನ್ನಲಿಲ್ಲ. ಏನೂ ಅನ್ನದಿರುವುದು ತನಗೆ ಸಾಧ್ಯವಾಯಿತೆಂಬ ಸಣ್ಣ ಹೆಮ್ಮೆಯಲ್ಲಿ ಚಿಕ್ಕ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ಭಾನುವಾರದ ಮಧ್ಯಾಹ್ನ ಸಾಮಾನುಗಳ ಸೇವೆಗೆಂದು ಮೀಸಲು. ಮನಸ್ಸು ನೆಟ್ಟಗಿಲ್ಲದ ದಿನ ಕೈಗೆ ಕೆಲಸ ಕೊಡಬೇಕು. ಆಂಪಿನ ಮುಂಭಾಗದ ಕಪ್ಪು ಬಟ್ಟೆಯ ದೂಳನ್ನು ಮೆದು ಬ್ರಷ್ಷಿನಿಂದ ಕೊಡವಿದ. ಕೇಬಲ್ಲನ್ನು ಮೊಣಕೈಗೆ ಸುತ್ತದೆ, ಅದು ತಾನೇ ಬಯಸುವ ಸುರುಳಿಯಲ್ಲಿ ಬಿಡಿಸಿ, ತುದಿಗಳನ್ನು ಒರೆಸಿ ಸಿಕ್ಕಿಸಿದ. ಗಿಟಾರಿನ ನಾಲ್ಕನೆಯ ತಂತಿಯಲ್ಲಿ ಎಲ್ಲೋ ಒಂದು ಕಡೆ ಝರ್ ಎಂಬ ಸಣ್ಣ ಒಡಕು ಇತ್ತು. ಅದು ಎಲ್ಲಿಂದ ಬರುತ್ತಿದೆ ಎಂದು ಹುಡುಕಲು ಹೆಡ್‌ಫೋನ್ ಹಾಕಿಕೊಂಡು, ಸದ್ದು ಏರಿಸಿ, ತಂತಿಯನ್ನು ಮೀಟಿ ಮೀಟಿ ಕಿವಿಗೊಟ್ಟ. ಮುಂದಕ್ಕೆ ಬಾಗಿದಾಗ ಎಡಗೈ ಆಧಾರಕ್ಕೆಂದು ಆಂಪಿನ ಮುಂಭಾಗದ ಬಟ್ಟೆಯ ಮೇಲೆ ಬಿತ್ತು. ತಂತಿ ಮಿಡಿಯುತ್ತಿತ್ತು. ಅಂಗೈಯ ಕೆಳಗೆ ಆ ಬಟ್ಟೆ ಉಬ್ಬಿತು, ತಗ್ಗಿತು. ಉಬ್ಬಿತು, ತಗ್ಗಿತು. ನಿದ್ದೆಯಲ್ಲಿರುವ ದೊಡ್ಡ ಪ್ರಾಣಿಯ ಹೊಟ್ಟೆಯ ಹಾಗೆ.

ಅವನು ಕೈ ತೆಗೆಯಲಿಲ್ಲ. ತಂತಿ ತಾನಾಗಿ ಸೋತು ನಿಲ್ಲುವ ತನಕ ಕಾದ. ಇನ್ನೊಮ್ಮೆ ಮೀಟಿದ. ಆಮೇಲೆ, ನಾಲ್ಕು ವರ್ಷದಲ್ಲಿ ಒಮ್ಮೆಯೂ ಮಾಡದಿದ್ದ ಕೆಲಸವೊಂದನ್ನು ಮಾಡಿದ: ಗುಂಡಿಯನ್ನು ಸೊನ್ನೆಗೆ ತಿರುಗಿಸದೆ, ತಂತಿ ಇನ್ನೂ ಮೊಳಗುತ್ತಿರುವಾಗಲೇ, ಒಂದು ಕಿವಿಯ ಮೆತ್ತೆಯನ್ನು ಎತ್ತಿದ. ಕೋಣೆ ತುಂಬಿತ್ತು. ಕಿಟಕಿಯ ಗಾಜು, ಕಪಾಟಿನ ಬಾಗಿಲು, ಅವನ ಪಾದದ ಕೆಳಗಿನ ನೆಲ ಎಲ್ಲವೂ ಆ ಒಂದೇ ಸದ್ದನ್ನು ಒಂದೇ ಮಾತೆಂಬಂತೆ ಹೇಳುತ್ತಿದ್ದವು. ಪ್ರತಿರಾತ್ರಿ ಎದೆಯಲ್ಲಿ ಏಳುತ್ತಿದ್ದ ಆ ನಡುಕವನ್ನು ಅವನು ಗಿಟಾರಿನ ಮರದ ಗುಣ ಎಂದುಕೊಂಡಿದ್ದ, ಎಂಥ ಮರ ಎಂದು ತಡವಿದ್ದ. ಗುಂಡಿ ಸೊನ್ನೆಗೆ ಬರದೆ ಹೆಡ್‌ಫೋನ್ ತೆಗೆಯಬಾರದು, ತೆಗೆದರೆ ಸ್ಪೀಕರಿಗೆ ಪೆಟ್ಟು ಎಂಬ ಜೋಪಾನವೊಂದು ಅವನಿಗೂ ಈ ಸದ್ದಿಗೂ ನಡುವೆ ಇಷ್ಟು ದಿನ ಗೋಡೆಯಾಗಿ ನಿಂತಿತ್ತು. ಆಂಪನ್ನು ಮಗುಚಿ ಹಿಂಬದಿಯ ಸ್ಕ್ರೂಗಳನ್ನು ಬಿಚ್ಚುವ ಮೊದಲೇ ಒಳಗೆ ಏನಿರುತ್ತದೆಂದು ಅವನಿಗೆ ಗೊತ್ತಿತ್ತು. ನಾಲ್ಕು ತಿಂಗಳ ಹಿಂದೆ ಹೆಡ್‌ಫೋನಿನ ಸಾಕೆಟ್ಟು ಸಡಿಲವಾಗಿ ಕರಕರ ಎನ್ನುತ್ತಿತ್ತು. ರಿಪೇರಿಯವನಿಗೆ ಕೊಟ್ಟರೆ ಗೀರು ಬೀಳಿಸುತ್ತಾನೆಂದು ತಾನೇ ಬದಲಿಸಿದ್ದ. ಹಳೆಯದಕ್ಕೆ ತಂತಿ ಕೂಡಿಸುವ ಕಾಲುಗಳು ಐದು, ಹೊಸದಕ್ಕೆ ಮೂರೇ. ಉಳಿದ ಎರಡು ತಂತಿಗಳನ್ನು ಅಂದವಾಗಿ ಹೊಸೆದು, ಒಂದಕ್ಕೊಂದು ಬೆಸುಗೆ ಹಾಕಿ, ಮೇಲೆ ಟೇಪು ಸುತ್ತಿದ್ದ. ಹೆಡ್‌ಫೋನ್ ಒಳಗೆ ಹೋದಾಗ ಸ್ಪೀಕರಿನ ದಾರಿಯನ್ನು ಕಡಿಯಬೇಕಾದ ಎರಡು ತಂತಿಗಳು ಅವು. ಈಗ ಟೇಪು ಬಿಚ್ಚಿ ನೋಡಿದರೆ ಬೆಸುಗೆ ಹೊಳೆಯುತ್ತಿತ್ತು. ಎಷ್ಟು ಅಚ್ಚುಕಟ್ಟಾದ ಬೆಸುಗೆ. ಯಾರು ನೋಡಿದರೂ ಮೆಚ್ಚುವಂಥದು.

ಹೆಂಡತಿಗೆ ಇದು ಕೇಳಿಸಿರಬೇಕು ಎಂಬ ಯೋಚನೆ ಬಂದ ಕೂಡಲೇ ಅದಕ್ಕೊಂದು ಉತ್ತರವೂ ಸಿದ್ಧವಾಗಿಯೇ ಬಂತು. ಕೇಳಿಸಿರಬೇಕು, ಆದರೆ ಅವಳಿಗೇನು ಗೊತ್ತು ಯಂತ್ರದ ವಿಚಾರ, ಬಾರಿಸಿದರೆ ಹೀಗೇ ಕೇಳುವುದು ಎಂದುಕೊಂಡಿರುತ್ತಾಳೆ. ಹೊಸ ಸಾಕೆಟ್ಟು ಹಾಕಿದ ರಾತ್ರಿ ಏನಾದರೂ ತೊಂದರೆಯೇ ಎಂದು ಅವನು ಕೇಳಿಯೂ ಇದ್ದ. ಏನಿಲ್ಲ, ನೀವು ಬಾರಿಸಿಕೊಳ್ಳಿ ಎಂದಿದ್ದಳು. ತಾನು ತೊಂದರೆಪಟ್ಟು ಗಂಡನ ಸುಖಕ್ಕೆ ಅಡ್ಡ ಬಾರದ ಜೀವ. ಪಾಪ ಎನ್ನಿಸಿತು. ಆ ಪಾಪ ಎನ್ನುವುದರಲ್ಲಿ ಅವನಿಗೆ ಸ್ವಲ್ಪ ಹೊತ್ತು ಉಸಿರಾಡಲು ಜಾಗ ಸಿಕ್ಕಿತು. ಆಮೇಲೆ ಗುರುವಾರದ ಅರ್ಧ ಗಂಟೆ ನೆನಪಿಗೆ ಬಂತು. ಆ ಅರ್ಧ ಗಂಟೆಯಲ್ಲಿ ಅವನು ಒಂದು ಕಷ್ಟದ ತಿರುವನ್ನು ಕೊನೆಗೂ ಬೆರಳಿಗೆ ಕೂರಿಸಿಕೊಂಡಿದ್ದ. ಅದು ಕೂತ ಸಂತೋಷಕ್ಕೆ ಇಪ್ಪತ್ತು ಸಲ, ಮೂವತ್ತು ಸಲ, ಮತ್ತೆ ಮತ್ತೆ ಬಾರಿಸಿದ್ದ. ಕೆಳಗೆ ಒಬ್ಬ ಮನುಷ್ಯ, ಯಾರೂ ಆಫ್ ಮಾಡದ ಇಂಜಿನ್ನಿನ ಪಕ್ಕದಲ್ಲಿ ಮಲಗಿ, ಅದೇ ತಿರುವನ್ನು ಅಷ್ಟೂ ಸಲ ಕೇಳಿಕೊಂಡು ಸತ್ತಿದ್ದ.

ಸಂಜೆ ಐದರ ಹೊತ್ತಿಗೆ ಅವನು ಬಾಗಿಲು ತೆರೆದು ಹೊರಗೆ ಬಂದಾಗ ಟೈಲರಮ್ಮನ ಬಾಗಿಲೂ ತೆರೆದಿತ್ತು. ಅವಳು ಮೋಟಾರನ್ನು ಬಿಚ್ಚಿ ಪತ್ರಿಕೆಯಲ್ಲಿ ಸುತ್ತಿಟ್ಟು, ಮೇಜನ್ನು ಒಬ್ಬಳೇ ಬಾಗಿಲ ಕಡೆಗೆ ಸರಿಸಲು ಹೆಣಗುತ್ತಿದ್ದಳು. ಅವನನ್ನು ಕಂಡು, ಬಂದಿದ್ದು ಒಳ್ಳೇದಾಯ್ತು, ಒಂದು ಕಡೆ ಹಿಡೀರಿ, ನಿಮಗೆ ಹೊರುವ ಕೆಲಸ ಅಭ್ಯಾಸ ಆಗಿದೆಯಲ್ಲ ಎಂದಳು. ವ್ಯಂಗ್ಯವೋ ಅಲ್ಲವೋ ತಿಳಿಯಲಿಲ್ಲ. ಅವನು ಹಿಡಿದೆತ್ತಿದ. ಕಬ್ಬಿಣದ ನಾಲ್ಕೂ ಕಾಲುಗಳಿಗೆ, ಹಳೆಯ ಕೋಟಿನ ದಪ್ಪ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಹೊಲಿದ ಚೀಲಗಳನ್ನು, ಮಗುವಿನ ಕಾಲುಚೀಲದ ಹಾಗೆ, ದಾರ ಬಿಗಿದು ಕಟ್ಟಿದ್ದಳು. ಅವನು ಅದನ್ನೇ ನೋಡುತ್ತಿರುವುದನ್ನು ಕಂಡು ಅವಳು, ಡ್ರೈವರಣ್ಣ ಹಾಸಿಗೆ ಹಿಡಿದ ದಿನವೇ ಹಾಕಿದ್ದು, ಸಭೆಯಲ್ಲಿ ಹೇಳೋದು ಮರೆತೆ, ಅಲ್ಲಿ ಎಲ್ಲರೂ ನೋಡ್ತಾ ಇದ್ರೆ ನಂಗೆ ಮಾತು ಹೊರಡಲ್ಲ ಎಂದಳು. ಈಗಲೇ ಹೇಳಬಹುದಿತ್ತು, ಎರಡು ಮಾತು ಸಾಕಿತ್ತು. ಮೊದಲು ಕೆಳಗೆ, ಮೊದಲು ಅಕ್ಕನಿಗೆ, ಆಮೇಲೆ ಗೊಂಚಲು ತಾತನಿಗೆ, ಆಮೇಲೆ ಇವಳಿಗೆ, ಎಲ್ಲವೂ ಒಂದು ಕ್ರಮದಲ್ಲಿ ಆಗಬೇಕು ಎಂದು ತನಗೆ ತಾನೇ ಹೇಳಿಕೊಂಡು ಮೇಜನ್ನು ಅವಳು ತೋರಿಸಿದ ಕಡೆ ಇಳಿಸಿ, ಕೈಯ ದೂಳು ಕೊಡವಿ, ಮೆಟ್ಟಿಲಿಳಿದ.

ಡ್ರೈವರಣ್ಣನ ಹೆಂಡತಿ ನೆಲದ ಮೇಲೆ ಕೂತು ಉಳಿದ ಮಾತ್ರೆಗಳನ್ನು ಒಂದು ಚೀಲಕ್ಕೆ ತುಂಬುತ್ತಿದ್ದಳು. ಬನ್ನಿ ಎಂದಳೇ ಹೊರತು ಕೂರಿ ಎನ್ನಲಿಲ್ಲ. ಹಾಸಿಗೆ ತೆಗೆದ ಕಬ್ಬಿಣದ ಮಂಚ ಅಡಿಗೆಮನೆಯೊಳಗೆ ಬಾಗಿಲಿಗೆ ಅಡ್ಡಲಾಗಿ ನಿಂತಿತ್ತು. ಅಡಿಗೆಮನೆಯಲ್ಲಿ ಯಾಕೆ ಮಂಚ ಎಂದು ಅವನು ಯೋಚಿಸುವಷ್ಟರಲ್ಲಿ ನೆಲದ ಮೇಲಿನ ಗೀರುಗಳು ಕಂಡವು. ಅವನ ಚಿಕ್ಕ ಕೋಣೆಯ ಕೆಳಗೆ ಬರುವ ಕೋಣೆಯಿಂದ ಹೊರಟು, ಹಜಾರದ ಒಂದು ಮೂಲೆಯಲ್ಲಿ ನಿಂತು, ಅಲ್ಲಿಂದ ಇನ್ನೊಂದು ಮೂಲೆಗೆ ಹೋಗಿ, ಕೊನೆಗೆ ಅಡಿಗೆಮನೆಯನ್ನು ಸೇರಿದ, ಮಂಚದ ಕಾಲೆಳೆದ ಉದ್ದುದ್ದ ಬಿಳಿ ಗೀರುಗಳು. ಒಬ್ಬಳೇ ಎಳೆದಿರಬೇಕು, ಮೇಲೆ ಮಲಗಿದವನ ಸಮೇತ. ಅವನು ನಿಂತೇ ಹೇಳಿದ. ಐದು ಕಾಲಿನ ಸಾಕೆಟ್ಟು, ಮೂರು ಕಾಲಿನ ಸಾಕೆಟ್ಟು, ಹೊಸೆದ ತಂತಿ, ಬೆಸುಗೆ, ಒಂದನ್ನೂ ಬಿಡದೆ ಹೇಳಿದ. ಇಂಥ ವಿವರಗಳು ಅವಳಿಗೆ ಬೇಕಿರಲಿಲ್ಲವೆಂದು ಗೊತ್ತಿದ್ದೂ ಹೇಳಿದ. ಅವುಗಳ ಹಿಂದೆ ನಿಂತರೆ ತಾನು ಸ್ವಲ್ಪ ಕಡಿಮೆ ಕಾಣಿಸುತ್ತೇನೆಂಬಂತೆ. ಅವಳು ಮಾತ್ರೆಗಳ ಪಟ್ಟಿಯೊಂದನ್ನು ಕೈಯಲ್ಲಿ ಮಡಿಸುತ್ತ ಕೇಳುತ್ತಿದ್ದಳು. ಟೈಲರಮ್ಮನಿಗೆ ಆದದ್ದನ್ನು ಹೇಳಿದಾಗ ಮಾತ್ರ ತಲೆಯೆತ್ತಿದಳು. ಅವಳನ್ನು ಯಾಕೆ ಬಿಡಿಸುತ್ತಾರೆ, ಅವಳೇನು ಮಾಡಿದಳು ಎಂದಳು. ಅದಕ್ಕೇ ಬಂದೆ ಎಂದ ಅವನು. ಆಮೇಲೆ ಮಧ್ಯಾಹ್ನದಿಂದ ಮನಸ್ಸಿನಲ್ಲಿ ಸಿದ್ಧವಾಗುತ್ತಿದ್ದ ಮಾತನ್ನು ಆಡಿದ.

“ನನಗೆ ಗೊತ್ತಿರಲಿಲ್ಲ ಅಕ್ಕ. ಒಂದೇ ಒಂದು ಸಲ ಯಾರಾದ್ರೂ ಹೇಳಿದ್ರೆ ಅವತ್ತೇ ನಿಲ್ಲಿಸ್ತಿದ್ದೆ.”

ಅವಳು ಶುಕ್ರವಾರ ತಿರುಗಿಸಿಕೊಂಡಿದ್ದ ಮುಖವನ್ನು ಈಗ ಪೂರ್ತಿಯಾಗಿ ಅವನ ಕಡೆ ಹಿಡಿದಳು. “ಮೂರು ಸಲ ಹೇಳಿಕಳಿಸಿದ್ದೆ” ಎಂದಳು. “ಹೇಳಿದೆ, ಅವರು ಬಿಡಲ್ಲ ಅಂತಾರೆ ಅಂತ ಮೂರು ಸಲವೂ ಉತ್ತರ ಬಂತು. ನೀವಾಗಿ ಅವರನ್ನ ಕೇಳೋಕೆ ಹೋಗಬೇಡಿ ಅಂತ ಕೈ ಹಿಡ್ಕೊಂಡು ಮಾತು ತಗೊಂಡ್ರು. ಆ ಮಾತಿಗೆ ಇವರ ನಿದ್ದೆ ಕೊಟ್ಟೆ ನಾನು. ಮೇಲಿನವರಿಗೆ ನನ್ನ ಮೇಲೆ ಏನು ಹಗೆ, ನಾನೇನು ಮಾಡಿದೆ ಅಂತ ಕೇಳ್ತಿದ್ರು ಇವರು. ನಿಮಗೆ ಹಗೆ ಇದೆ ಅಂತ ತಿಳ್ಕೊಂಡೇ ಹೋದ್ರು.”

ಯಾರೋ ಅವನ ಹೆಸರಿನಲ್ಲಿ ಸುಳ್ಳು ಹೇಳಿದ್ದರು. ಅವನಿಲ್ಲದ ಕಡೆ ಅವನನ್ನು ನಿಲ್ಲಿಸಿ, ಅವನಾಡದ ಮಾತನ್ನು ಅವನ ಬಾಯಿಗೆ ಇಟ್ಟಿದ್ದರು. ಬೀಗದ ಕೈಗಳ ಗೊಂಚಲು ಒಂದು ಗಳಿಗೆ ಕಣ್ಣಮುಂದೆ ಕುಲುಕಿತು. ಎಲ್ಲರ ದೂರನ್ನೂ ತಾನೇ ತೆಗೆದುಕೊಳ್ಳುವ, ತೆಗೆದುಕೊಂಡು ಮರೆಯುವ ಮುದುಕ. ಇಲ್ಲವೇ ಎದುರುಮನೆಯವಳೇ ಏಕಾಗಿರಬಾರದು, ಇಬ್ಬರಿಗೂ ಬೇಕಾದವಳ ಹಾಗೆ ಮೆಟ್ಟಿಲ ಮೇಲೆ ನಿಂತು ಮಾತು ಸಾಗಿಸುವವಳು? ಅವನಿಗೇ ತಿಳಿಯದಂತೆ ಅವನ ದನಿ ತಣ್ಣಗಾಯಿತು, ಸಮವಾಯಿತು, ಗಾಜಿನ ಅಂಚಿನಂತೆ ನುಣುಪಾಯಿತು. ಮೊದಲ ಸಲ ಯಾವ ದಿನ ಹೇಳಿಕಳಿಸಿದಿರಿ ಎಂದು ಕೇಳಿದ. ಸರಿಯಾಗಿ ನೆನಪು ಮಾಡಿಕೊಳ್ಳಿ, ವಾರದ ಮೊದಲೋ ಕೊನೆಯೋ. ಬೆಳಗ್ಗೆಯೋ ಸಂಜೆಯೋ. ನೀವು ಯಾವ ಮಾತಿನಲ್ಲಿ ಹೇಳಿದಿರಿ. ಅದಕ್ಕೆ ಅವರು ಮೊದಲು ಏನೆಂದರು, ಆಮೇಲೆ ಏನೆಂದರು. ಬಿಡಲ್ಲ ಅಂತಾರೆ ಎಂದರೋ, ಬಿಡಲ್ಲ ಅಂದರು ಎಂದರೋ, ಎರಡಕ್ಕೂ ವ್ಯತ್ಯಾಸವಿದೆ. ಎರಡನೆಯ ಸಲವೂ ಅದೇ ಉತ್ತರ ಬಂದಾಗ ನಿಮಗೆ ಅನುಮಾನ ಬರಲಿಲ್ಲವೇ. ಯಾಕೆ ಬರಲಿಲ್ಲ. ಬರಬೇಕಿತ್ತಲ್ಲ.

ಅವಳ ಕೈಯಿಂದ ಮಾತ್ರೆಯ ಪಟ್ಟಿ ಜಾರಿ ನೆಲಕ್ಕೆ ಬಿತ್ತು. ಅದನ್ನು ಎತ್ತಿಕೊಳ್ಳಲು ಬಾಗಿದವಳು ಎತ್ತಿಕೊಳ್ಳದೆ ಹಾಗೆಯೇ ತಡೆದು, ಇದುವರೆಗೆ ನಂಬದಿದ್ದ ಏನನ್ನೋ ಈಗ ಕಣ್ಣಾರೆ ಕಂಡವಳಂತೆ ಅವನನ್ನು ನೋಡಿದಳು. ಅವಳ ಮುಖದಲ್ಲಿ ಕೋಪ ಇರಲಿಲ್ಲ. ಅಲ್ಲಿ ಇದ್ದುದು ಕನಿಕರ, ಅದು ಅವನ ಮೇಲಿನದಲ್ಲ.

“ಹೀಗೇ ಕೇಳ್ತೀರಿ ಅಂತ ಹೇಳಿದ್ರು” ಎಂದಳು. “ದಿನಾ ರಾತ್ರಿ, ಆ ವಾದ್ಯ ಬರೋಕೆ ಮುಂಚೆ.”

ಯಾರು ಎಂದು ಅವನು ಕೇಳಿದ. ಕೇಳುವಾಗ ದನಿ ಇನ್ನೂ ಸಮವಾಗಿಯೇ ಇತ್ತು.

“ನಿಮ್ಮ ಹೆಂಡತಿ.”